ಚುಕ್ಕಾಣಿ ಕಚ್ಚಿಕೊಂಡರೆ

ಹೊನ್ನೆಮರಡಿನಲ್ಲಿ ಅಕ್ಟೋಬರ್‌ನ ನೀರೇ ಬೇರೆ, ಏಪ್ರಿಲ್‌ನ ನೀರೇ ಬೇರೆ. ಸಾಗರ ತಾಲ್ಲೂಕಿನ ಈ ಊರಿನ ಮುಂದೆ ಹರಡಿರುವುದು ಶರಾವತಿಯ ಮೇಲಿನ 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ತುಂಬಿದಾಗ ಅದರ ಮಟ್ಟ ಸಮುದ್ರದಿಂದ 1819 ಅಡಿ. ಕರೆಂಟಿಗಾಗಿ ನೀರು ಬಿಡುತ್ತ ಬಿಡುತ್ತ ಬೇಸಿಗೆ ಹೊತ್ತಿಗೆ ಅದು ಇಳಿಯುತ್ತದೆ. ತೀರಾ ಇಳಿದ ವರ್ಷ, ಒಳಗೆ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಹೊರಗೆ ಬರುತ್ತದೆ. ಅದಕ್ಕೆ ಮೊದಲೇ ಕಾಣಿಸಿಕೊಳ್ಳುವುದು ಮುಳುಗಿದ ಕಾಡಿನ ಕೊರಡುಗಳು. ಆರು ದಶಕ ಕಳೆದರೂ ಅವು ಕರಗಿಹೋಗಿಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ಬೇಕಾದಷ್ಟು ಆಮ್ಲಜನಕ ನೀರಿನಡಿ ಸಿಗುವುದಿಲ್ಲ. ಹೊರಗೆ ಚಾಚಿಕೊಂಡ ಕೊರಡನ್ನು ಯಾರಾದರೂ ಬಳಸಿಕೊಂಡು ಹೋಗುತ್ತಾರೆ. ನೀರಿನಿಂದ ಒಂದು ಗೇಣು ಕೆಳಗೆ ಕೂತ ಕೊರಡು ಮಾತ್ರ ತಗಲಿದ ಮೇಲೆಯೇ ಗೊತ್ತಾಗುವುದು.

ತೆಪ್ಪಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಅದಕ್ಕೆ ಚುಕ್ಕಾಣಿಯೇ ಇಲ್ಲ, ನೀರಿನೊಳಗೆ ಇಳಿಯುವುದೂ ಕಡಿಮೆ. ಪೇಚಾಟ ಶುರುವಾಗುವುದು ದೋಣಿಗೆ ಮೋಟಾರು ಕಟ್ಟಿದಾಗ. ಸ್ಟೀರಿಂಗ್ ಬಿಗಿಯಾಯಿತು ಎಂದ ಕೂಡಲೇ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚುವವರೇ ಹೆಚ್ಚು. ಕಚ್ಚಿಕೊಂಡದ್ದನ್ನು ಮುರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಗೊತ್ತಿಲ್ಲ.

ಮೊದಲು ನೋಡಬೇಕಾದದ್ದು, ಚುಕ್ಕಾಣಿ ನಿಜವಾಗಿ ಕಚ್ಚಿಕೊಂಡಿದೆಯೇ ಎಂಬುದನ್ನು. ಚುಕ್ಕಾಣಿ ತನ್ನಷ್ಟಕ್ಕೆ ದೋಣಿಯನ್ನು ತಿರುಗಿಸುವುದಿಲ್ಲ. ಅದರ ಮೇಲೆ ಹಾಯುವ ನೀರನ್ನು ಅದು ಒಂದು ಬದಿಗೆ ದೂಡುತ್ತದೆ, ನೀರು ಅದನ್ನು ಇನ್ನೊಂದು ಬದಿಗೆ ದೂಡುತ್ತದೆ, ಹೀಗೆ ದೋಣಿಯ ಹಿಂಭಾಗ ಸರಿಯುತ್ತದೆ. ಗಾಬರಿಯಲ್ಲಿ ಎಂಜಿನ್ ಬಂದ್ ಮಾಡಿದರೆ ಪ್ರೊಪೆಲ್ಲರ್ ತಳ್ಳುವ ನೀರು ನಿಂತುಹೋಗುತ್ತದೆ. ಆಮೇಲೆ ಚಕ್ರ ಎಷ್ಟು ತಿರುಗಿದರೂ ದೋಣಿ ಕೇಳುವುದಿಲ್ಲ. ಅದು ಕೆಟ್ಟ ಚುಕ್ಕಾಣಿಯಲ್ಲ, ಕೆಲಸವಿಲ್ಲದ ಚುಕ್ಕಾಣಿ. ಹಾಗೆಂದು ಅತಿಯಾಗಿ ತಿರುಗಿಸಿದರೂ ಲಾಭವಿಲ್ಲ. ಒಂದು ಕೋನ ದಾಟಿದರೆ ನೀರು ಅದರ ಬೆನ್ನಿಗೆ ಅಂಟಿ ಹರಿಯದೆ ಸುಳಿಯಾಗಿ ಒಡೆಯುತ್ತದೆ. ಹಡಗುಗಳ ಚುಕ್ಕಾಣಿಯನ್ನು ಸಾಮಾನ್ಯವಾಗಿ 35 ಡಿಗ್ರಿಗೆ ನಿಲ್ಲಿಸುವುದು ಇದಕ್ಕಾಗಿಯೇ.

ಚಕ್ರವೇ ಅಲುಗುವುದಿಲ್ಲ ಅಂದರೆ ಮಾತು ಬೇರೆ. ವೇಗ ಇಳಿಸಿ ನ್ಯೂಟ್ರಲ್‌ಗೆ ತಂದು, ಹುಟ್ಟನ್ನೇ ಹಿಂದೆ ಚುಕ್ಕಾಣಿಯಂತೆ ಹಿಡಿದು ದಡ ಸೇರಬೇಕು. ಹುಟ್ಟು ಸಾಲದಿದ್ದರೆ ಹಗ್ಗ ಕಟ್ಟಿದ ಬಕೆಟ್ಟನ್ನು ಯಾವ ಬದಿಗೆ ತಿರುಗಬೇಕೋ ಆ ಬದಿಯಲ್ಲಿ ನೀರಿಗೆ ಬಿಟ್ಟು, ನಿಧಾನವಾಗಿ ಮುಂದೆ ಹೋದರೆ ಆಯಿತು. ಎಳೆತಕ್ಕೆ ದೋಣಿ ಆ ಕಡೆಗೇ ತಿರುಗುತ್ತದೆ.

ದಡದಲ್ಲಿ ಎಂಜಿನ್ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಹುಡುಕಾಟ ಶುರು ಮಾಡಬಹುದು. ಸಣ್ಣ ದೋಣಿಗಳಲ್ಲಿ ಬಹುಪಾಲಿಗೆ ಹೊರಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್. ಅದಕ್ಕೆ ಪ್ರತ್ಯೇಕ ಚುಕ್ಕಾಣಿ ಇರುವುದಿಲ್ಲ, ಎಂಜಿನ್ನೇ ಪೂರ್ತಿ ಎಡಕ್ಕೆ ಬಲಕ್ಕೆ ಹೊರಳುತ್ತದೆ. ಚಕ್ರದಿಂದ ಎಂಜಿನ್‌ವರೆಗೆ ಹೋಗುವ ಕೇಬಲ್ ಸೈಕಲ್ಲಿನ ಬ್ರೇಕ್ ವೈರಿನ ದೊಡ್ಡಣ್ಣ. ಎಳೆಯುವುದಷ್ಟೇ ಅಲ್ಲ, ದೂಡುವ ಕೆಲಸವೂ ಅದರದೇ. ರೋಗ ಯಾವ ಅರ್ಧದಲ್ಲಿದೆ ಎಂದು ತಿಳಿಯಲು ಒಂದು ಸ್ಪ್ಯಾನರ್ ಸಾಕು. ಕೇಬಲ್ಲಿನ ತುದಿಯನ್ನು ಎಂಜಿನ್ನಿಗೆ ಜೋಡಿಸಿರುವ ನಟ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ಹೊರಳಿಸಿ. ಸಲೀಸಾಗಿ ಹೊರಳಿದರೆ ಎಂಜಿನ್ನಿನ ತಪ್ಪಲ್ಲ. ಹೊರಳದಿದ್ದರೆ ಅದು ನಿಂತಿರುವ ಕಂಬದ ಕೊಳವೆಯಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಹೊಸ ಗ್ರೀಸ್ ಒತ್ತುತ್ತ, ಎಂಜಿನ್ನನ್ನು ಹಿಂದೆ ಮುಂದೆ ಹೊರಳಿಸುತ್ತ, ಒಳಗಿನ ಕರಿ ಗ್ರೀಸ್ ಸಂದಿಯಿಂದ ಹೊರಬೀಳುವವರೆಗೂ ತಾಳ್ಮೆ ಬೇಕು. ಬಿಸಿ ಗಾಳಿಯಿಂದ ತುಸು ಬೆಚ್ಚಗೆ ಮಾಡಿದರೆ ಬೇಗ ಸಡಿಲವಾಗುತ್ತದೆ. ಆದರೆ ಪೆಟ್ರೋಲಿನ ಹತ್ತಿರ ಬೆಂಕಿ ಹಿಡಿಯುವ ಜಾಣತನ ಬೇಡ.

ದೋಣಿಯೊಳಗೇ ಎಂಜಿನ್ ಇದ್ದು ಕೆಳಗೆ ಹಲಗೆಯಂಥ ಚುಕ್ಕಾಣಿ ಇದ್ದರೆ, ಕೊರಡಿನ ಕಥೆ ಇಲ್ಲಿ ಬರುತ್ತದೆ. ಏಟು ಬಿದ್ದಾಗ ಚುಕ್ಕಾಣಿಯ ದಂಡ ಕೂದಲೆಳೆಯಷ್ಟು ಬಾಗಿದರೂ ಸಾಕು, ಒಂದು ಬದಿಗೆ ಹಗುರಾಗಿ ತಿರುಗಿ ಇನ್ನೊಂದು ಬದಿಗೆ ಬಿಗಿಯುತ್ತದೆ. ದೋಣಿಯನ್ನು ಮೇಲೆಳೆದು ತಳ ನೋಡಿದರೆ ಚುಕ್ಕಾಣಿಯ ಮೇಲ್ತುದಿ ಉಜ್ಜಿದಲ್ಲಿ ಬಣ್ಣ ಹೋಗಿ ಬಿಲ್ಲಿನಾಕಾರದ ಗೀರು ಕಾಣುತ್ತದೆ. ಗೀರು ಇಲ್ಲದಿದ್ದರೆ ಆ ಸಂದಿಗೆ ಬೆರಳು ಹಾಕಿ ನೋಡಬೇಕು. ಹರಿದ ನೈಲಾನ್ ಬಲೆಯ ತುಂಡು ಅಲ್ಲಿ ಸುತ್ತಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಎಂಜಿನ್ ಸಲೀಸಾಗಿ ಹೊರಳಿ ಚಕ್ರ ಮಾತ್ರ ಹೊರಳದಿದ್ದರೆ ತಪ್ಪು ಕೇಬಲ್ಲಿನದು ಅಥವಾ ಚಕ್ರದ ಹಿಂದಿನ ಹಲ್ಲಿನ ಪೆಟ್ಟಿಗೆಯದು. ಕೇಬಲ್ಲಿನ ಹೊರಕವಚ ಉಬ್ಬಿದ್ದರೆ, ಸೀಳಿದ್ದರೆ ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ಅದಕ್ಕೆ ಎಣ್ಣೆ ಬಿಟ್ಟು ನಾಲ್ಕು ದಿನ ಓಡಿಸುವವರಿದ್ದಾರೆ. ನೀರಿನ ನಡುವೆ ತುಂಡಾಗುವ ಸಾಮಾನಿನಲ್ಲಿ ಈ ಜಿಪುಣತನ ಸಲ್ಲದು. ಹೊಸದು ಹಾಕಬೇಕು. ಮಲ್ಪೆಯ ಉಪ್ಪುನೀರಿಗೆ ಹೋಲಿಸಿದರೆ ಶರಾವತಿಯ ಸಿಹಿನೀರಿನಲ್ಲಿ ತುಕ್ಕು ನಿಧಾನ, ಇಲ್ಲವೇ ಇಲ್ಲ ಎಂದಲ್ಲ.

ಇದೇ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಸಿಗಂದೂರಿಗೆ ಹತ್ತಿರದ ದಾರಿಯೆಂದರೆ ಲಾಂಚೇ ಆಗಿತ್ತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದಕ್ಕೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಸಣ್ಣ ದೋಣಿಯವರಿಗೆ ಹಾಗೆ ನಿಲ್ಲಿಸಿ ಎನ್ನುವವರು ಯಾರೂ ಇರುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ದೋಣಿ ದಡದಲ್ಲಿರುವಾಗಲೇ ಗ್ರೀಸಿನ ಕೆಲಸ ಮುಗಿಸಿಕೊಳ್ಳುವುದು ಲೇಸು.

ಅದರಲ್ಲೂ ಒಂದು ಸೂಕ್ಷ್ಮವಿದೆ. ಕೇಬಲ್ಲಿನ ತುದಿಯ ಉಕ್ಕಿನ ಸಲಾಕೆ ಎಂಜಿನ್ನಿನ ಇನ್ನೊಂದು ಕೊಳವೆಯೊಳಗೆ ಓಡಾಡುತ್ತದೆ. ಸಲಾಕೆ ಹೊರಗೆ ಚಾಚಿರುವಾಗ ಗ್ರೀಸ್ ತುಂಬಿದರೆ, ಅದು ವಾಪಸು ಬರಬೇಕಾದ ಜಾಗವೆಲ್ಲ ಭರ್ತಿಯಾಗುತ್ತದೆ. ಗ್ರೀಸನ್ನು ಅದುಮಿ ಕುಗ್ಗಿಸಲಾಗದು, ಸ್ಟೀರಿಂಗ್ ಅಲ್ಲೇ ಬಂದಿ. ಸಲಾಕೆಯನ್ನು ಪೂರ್ತಿ ಒಳಗೆಳೆದುಕೊಂಡ ಮೇಲೆಯೇ ಗ್ರೀಸ್ ಒತ್ತಬೇಕು. ಗ್ರೀಸ್ ಹಾಕಿಸಿದ ಮೇಲೆ ಸ್ಟೀರಿಂಗ್ ಇನ್ನೂ ಬಿಗಿಯಾಯಿತು ಎಂದು ಯಾರಾದರೂ ದೂರಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಹಾಕುವಾಗ ಸಲಾಕೆ ಎಲ್ಲಿತ್ತು?