ಸೈಬೀರಿಯಾದಿಂದ ಹಿಮಾಲಯಕ್ಕೆ: ‘ದ ವೇ ಬ್ಯಾಕ್’ ಮತ್ತು ಅದರ ಹಿಂದಿನ ಸತ್ಯ

ಆಸ್ಟ್ರೇಲಿಯಾದ ನಿರ್ದೇಶಕ ಪೀಟರ್ ವಿಯರ್ ಅವರ ‘ದ ವೇ ಬ್ಯಾಕ್’ (2010) ಸೋವಿಯತ್ ಸೆರೆಯಿಂದ ತಪ್ಪಿಸಿಕೊಂಡವರ ಕಥೆ. ಸುರಂಗ ತೋಡುವುದು, ಕಾವಲುಗಾರರ ಕಣ್ಣು ತಪ್ಪಿಸುವುದು ಇಂಥ ಪ್ರಸಂಗಗಳ ಮೇಲೇ ಸೆರೆಮನೆಯ ಚಿತ್ರಗಳು ಸಾಮಾನ್ಯವಾಗಿ ನಿಲ್ಲುತ್ತವೆ. ಇಲ್ಲಿ ಕೈದಿಗಳು ಬೇಗನೆ ಬೇಲಿ ದಾಟುತ್ತಾರೆ. ಅಲ್ಲಿಂದ ಮುಂದಿನದೆಲ್ಲ ನಡಿಗೆ: ಸೈಬೀರಿಯಾದ ಕಾಡು, ಬೈಕಲ್ ಸರೋವರ, ಮಂಗೋಲಿಯಾ, ಗೋಬಿ ಮರುಭೂಮಿ, ಟಿಬೆಟ್ ದಾಟಿ ಭಾರತದವರೆಗೆ ಸುಮಾರು 6,400 ಕಿಲೋಮೀಟರ್.

ಕಥೆಯ ಬೇರು 1939ರ ಪೋಲೆಂಡಿನಲ್ಲಿದೆ. ಆ ವರ್ಷ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದಲೂ 17ರಂದು ಸೋವಿಯತ್ ಒಕ್ಕೂಟ ಪೂರ್ವದಿಂದಲೂ ಆ ದೇಶದೊಳಗೆ ನುಗ್ಗಿದವು. ಸೋವಿಯತ್ ವಶಕ್ಕೆ ಬಂದ ಭಾಗದ ಅಧಿಕಾರಿಗಳು, ಸೈನಿಕರು, ಶಿಕ್ಷಕರು, ರೈತ ಕುಟುಂಬಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಗಡಿಪಾರಾದರು ಇಲ್ಲವೇ ಸೆರೆ ಸೇರಿದರು. ಗುಲಾಗ್ ಎಂದು ಹೆಸರಾದ ಶಿಬಿರಗಳಲ್ಲಿ ಅವರು ಮರ ಕಡಿದರು, ಗಣಿ ಅಗೆದರು. 1930ರಿಂದ 1953ರವರೆಗೆ ಈ ಶಿಬಿರಗಳನ್ನು ಹಾದುಹೋದವರು ಸುಮಾರು 1.8 ಕೋಟಿ ಜನ ಎಂಬುದು ಇತಿಹಾಸಕಾರರ ಅಂದಾಜು. ಚಿತ್ರದ ನಾಯಕ ಯಾನುಷ್ ಇಂಥ ಒಬ್ಬ ಪೋಲಿಷ್ ಕೈದಿ. ಚಿತ್ರಹಿಂಸೆ ತಾಳಲಾರದೆ ಅವನ ಹೆಂಡತಿಯೇ ಅವನ ವಿರುದ್ಧ ಸಾಕ್ಷಿ ಹೇಳಿರುತ್ತಾಳೆ. ಊರಿಗೆ ಮರಳಿ ಅವಳ ಮನಸ್ಸಿನ ಭಾರ ಇಳಿಸಬೇಕೆಂಬ ಹಂಬಲವೇ ಅವನನ್ನು ನಡೆಸುತ್ತದೆ.

ಚಿತ್ರ ಕಥೆಯ ಅಂತ್ಯವನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. 1941ರಲ್ಲಿ ಮೂವರು ಹಿಮಾಲಯ ದಾಟಿ ಭಾರತಕ್ಕೆ ಬಂದರೆಂದು ಆರಂಭದ ಬರಹವೇ ತಿಳಿಸುತ್ತದೆ. ಹೀಗಾಗಿ ನೋಡುಗರ ಗಮನ ‘ಯಾರು ಉಳಿಯುತ್ತಾರೆ’ ಎಂಬುದರ ಜೊತೆಗೆ ‘ಹೇಗೆ ಉಳಿಯುತ್ತಾರೆ’ ಎಂಬುದರತ್ತಲೂ ಹರಿಯುತ್ತದೆ. ಹಿಮಗಾಳಿಯಲ್ಲಿ ಮರದ ತೊಗಟೆಯೇ ಮುಖವಾಡ. ದಿಕ್ಕು ತಿಳಿಯಲು ನೆಲದಲ್ಲಿ ನೆಟ್ಟ ಕೋಲಿನ ನೆರಳೇ ಆಸರೆ. ತೋಳಗಳನ್ನು ಓಡಿಸಿ, ಅವು ಕೊಂದ ಪ್ರಾಣಿಯ ಮಾಂಸಕ್ಕೆ ಮನುಷ್ಯರು ಮುಗಿಬೀಳುತ್ತಾರೆ. ಮೊದಲು ಸಾಯುವ ಯುವಕನಿಗೆ ಇರುಳುಗುರುಡು: ಕತ್ತಲಲ್ಲಿ ಸೌದೆ ತರಲು ಹೋಗಿ ದಾರಿ ಕಾಣದೆ ಹಿಮದಲ್ಲಿ ಹೆಪ್ಪುಗಟ್ಟುತ್ತಾನೆ. ಇದು ಬರೀ ಕಥೆಗಾರನ ಉಪಾಯವಲ್ಲ. ಆಹಾರದಲ್ಲಿ ‘ಎ’ ಜೀವಸತ್ವ ಕಡಿಮೆಯಾದಾಗ ಬರುವ ಈ ಕಾಯಿಲೆ ಗುಲಾಗ್ ಶಿಬಿರಗಳಲ್ಲಿ ವ್ಯಾಪಕವಾಗಿತ್ತು. ರಾಜಕೀಯ ಕೈದಿಗಳ ಮೇಲೆ ಕಳ್ಳರ ಗುಂಪು ನಡೆಸುವ ದಬ್ಬಾಳಿಕೆಯೂ ಅಷ್ಟೇ ನಿಜ. ಕಾಲಿನ್ ಫ್ಯಾರೆಲ್ ನಟಿಸಿರುವ ವಾಲ್ಕಾ ಆ ಲೋಕದವನು. ಮಂಗೋಲಿಯಾದ ಗಡಿಯವರೆಗೆ ಬಂದರೂ ರಷ್ಯಾ ಬಿಡಲಾರದೆ ಅಲ್ಲೇ ಉಳಿದುಬಿಡುತ್ತಾನೆ.

ಮನೆಯಲ್ಲಿ ನೋಡುವವರಿಗೆ ಈ ಚಿತ್ರ ಒಂದಿಷ್ಟು ತಾಳ್ಮೆಯ ಪರೀಕ್ಷೆ. ಅವಧಿ 133 ನಿಮಿಷ, ಓಟ ನಿಧಾನ. ಬಲ್ಗೇರಿಯಾ, ಮೊರಾಕೊ ಮತ್ತು ಭಾರತದಲ್ಲಿ ಚಿತ್ರಿಸಿದ ಬಯಲು, ಬೆಟ್ಟಗಳ ನಡುವೆ ಮನುಷ್ಯರು ಚುಕ್ಕೆಗಳಂತೆ ಕಾಣುವ ದೃಶ್ಯಗಳು ಬಹಳ. ಮೊಬೈಲ್ ಪರದೆಯಲ್ಲಿ ಆ ಚುಕ್ಕೆಗಳು ಕಾಣದೇ ಹೋಗುತ್ತವೆ. ಆದ್ದರಿಂದ ಮನೆಯಲ್ಲಿರುವ ದೊಡ್ಡ ಪರದೆಯಲ್ಲಿ, ದೀಪ ಆರಿಸಿ, ಒಂದೇ ಕೂರಿಕೆಯಲ್ಲಿ ನೋಡುವುದು ಒಳ್ಳೆಯದು. ಗೋಬಿಯ ಭಾಗವನ್ನು ಓಡಿಸಿ ನೋಡಿದರೆ ದಣಿವು, ಬಾಯಾರಿಕೆ ಮನಸ್ಸಿಗೆ ತಟ್ಟುವುದೇ ಇಲ್ಲ. ಒಡೆದ ತುಟಿ, ಬಾತುಕೊಂಡ ಪಾದ, ಬಿಸಿಲಿಗೆ ಸುಟ್ಟ ಚರ್ಮಗಳನ್ನು ನಂಬುವಂತೆ ತೋರಿಸಿದ ಪ್ರಸಾಧನ ಆಸ್ಕರ್ ನಾಮನಿರ್ದೇಶನ ಪಡೆಯಿತು. ಚಿಕ್ಕ ಮಕ್ಕಳಿಗೆ ಇವು ಕಠಿಣವೆನಿಸಬಹುದು. ಭಾರತ ತಲುಪಿದೊಡನೆ ಟಿ.ವಿ. ಆರಿಸುವಂತಿಲ್ಲ, 1989ರವರೆಗಿನ ಪೋಲೆಂಡಿನ ಚರಿತ್ರೆ ಸರಿದುಹೋದ ಮೇಲಷ್ಟೇ ಯಾನುಷ್‌ನ ಕಥೆ ಮುಗಿಯುತ್ತದೆ.

ಇದು ನಡೆದದ್ದೇ? ಚಿತ್ರಕ್ಕೆ ಆಧಾರ ಸ್ವಾವೊಮಿರ್ ರಾವಿಚ್ ಎಂಬ ಪೋಲಿಷ್ ಸೇನಾಧಿಕಾರಿಯ ಹೆಸರಿನಲ್ಲಿ 1956ರಲ್ಲಿ ಬಂದ ‘ದ ಲಾಂಗ್ ವಾಕ್’. ಅವರ ಮಾತುಗಳನ್ನು ಬರಹಕ್ಕಿಳಿಸಿದವರು ಪತ್ರಕರ್ತ ರೊನಾಲ್ಡ್ ಡೌನಿಂಗ್. ಗೋಬಿಯಲ್ಲಿ ಹಲವು ದಿನ ನೀರಿಲ್ಲದೆ ನಡೆದದ್ದು, ಹಿಮಾಲಯದಲ್ಲಿ ಯೇತಿಯಂಥ ಜೀವಿಗಳನ್ನು ಕಂಡದ್ದು ಮುಂತಾದ ವಿವರಗಳನ್ನು ಆ ಪ್ರದೇಶ ಬಲ್ಲವರು ಆಗಲೇ ಅನುಮಾನಿಸಿದ್ದರು. ರಾವಿಚ್ 2004ರಲ್ಲಿ ತೀರಿಕೊಂಡರು. 2006ರಲ್ಲಿ ಬಿ.ಬಿ.ಸಿ. ಹೊರತಂದ ಸೋವಿಯತ್ ದಾಖಲೆಗಳ ಪ್ರಕಾರ ಅವರು ಓಡಿಹೋದವರಲ್ಲ; ಕ್ಷಮಾದಾನದಡಿ 1942ರಲ್ಲಿ ಬಿಡುಗಡೆಯಾಗಿ ಪೋಲಿಷ್ ಸೇನೆ ಸೇರಿದವರು. ಮುಂದೆ ವಿಟೋಲ್ಡ್ ಗ್ಲಿನ್‌ಸ್ಕಿ ಎಂಬ ಇನ್ನೊಬ್ಬ ಪೋಲಿಷ್ ವ್ಯಕ್ತಿ ಆ ನಡಿಗೆ ತನ್ನದೆಂದರು. ಅದಕ್ಕೂ ಗಟ್ಟಿ ಪುರಾವೆ ಸಿಗಲಿಲ್ಲ. ವಿಯರ್ ಈ ಅನುಮಾನಗಳನ್ನು ಅರಿತೇ ನಾಯಕನ ಹೆಸರು ಬದಲಿಸಿ, ಚಿತ್ರವನ್ನು ಕಲ್ಪಿತ ಕಥೆಯಾಗಿ ಕಟ್ಟಿದರು.

ಹಾಗೆಂದು ಪೋಲಿಷ್ ಕೈದಿಗಳು ಭಾರತ ತಲುಪಿದ್ದೇ ಸುಳ್ಳಲ್ಲ. 1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆರಗಿದ ಬಳಿಕ, ಜುಲೈ 30ರಂದು ಪೋಲೆಂಡಿನ ದೇಶಾಂತರ ಸರ್ಕಾರ ಮತ್ತು ಸೋವಿಯತ್ ಒಕ್ಕೂಟದ ನಡುವೆ ಒಪ್ಪಂದವಾಯಿತು. ಶಿಬಿರಗಳ ಬಾಗಿಲು ತೆರೆಯಿತು. ಜನರಲ್ ಆಂಡರ್ಸ್ ನೇತೃತ್ವದ ಪೋಲಿಷ್ ಸೇನೆಯ ಜೊತೆ 1942ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಮತ್ತು ನಾಗರಿಕರು ಇರಾನಿಗೆ ದಾಟಿದರು. ಅಲ್ಲಿಗೆ ಮುಟ್ಟುವ ಮೊದಲೂ ನಂತರವೂ ಹಸಿವು, ಟೈಫಸ್ ಜ್ವರಗಳಿಗೆ ಅನೇಕರು ಬಲಿಯಾದರು. ಬದುಕಿದವರಲ್ಲಿ ಕೆಲವರು ಭಾರತಕ್ಕೆ ಬಂದರು. ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ನೆಲೆ ಕೊಟ್ಟರು. ಬೆಳಗಾವಿಗೆ ಸುಮಾರು 110 ಕಿಲೋಮೀಟರ್ ದೂರದ ಕೊಲ್ಹಾಪುರದ ಪಕ್ಕದಲ್ಲಿ, ವಳಿವಡೆ ಎಂಬ ಊರಿನಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು ಬಾಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಹಿಮಾಲಯ ದಾಟಿದ ಆ ಮೂವರಿಗೆ ಖಚಿತ ದಾಖಲೆ ಇಲ್ಲ. ಇರಾನಿನ ದಾರಿಯಲ್ಲಿ ಬಂದ ಸಾವಿರಾರು ಜನರಿಗೆ ಇದೆ. ಇದನ್ನು ತಿಳಿದು ನೋಡಿದರೆ ಚಿತ್ರದ ಬೆಲೆ ಕಡಿಮೆಯಾಗುವುದಿಲ್ಲ. ಒಂದು ಅಸಾಧ್ಯ ಸಾಹಸದ ಮೇಲಷ್ಟೇ ನಿಲ್ಲುತ್ತಿದ್ದ ಮೆಚ್ಚುಗೆ, ಬೇಲಿ ದಾಟಲು ಅವಕಾಶವೇ ಸಿಗದೆ ಶಿಬಿರಗಳಲ್ಲಿ ಅಳಿದವರ ಮತ್ತು ಉಳಿದು ಬಂದವರ ಕಡೆಗೂ ಹರಿಯುತ್ತದೆ. ಈ ಚಿತ್ರ ಮಾಡಬಹುದಾದ ದೊಡ್ಡ ಕೆಲಸ ಅದೇ.