ಮುಖದ ಕೂದಲಿಗೆ ಮದ್ದುಂಟು, ಮಂಗನ ಕಾಯಿಲೆಗೆ?

ಸಹೋದರಿಯರೇ, ನಿಮ್ಮ ಕನ್ನಡಿಯ ಬಳಿ ಎಷ್ಟು ಕ್ರೀಮುಗಳಿವೆ? ಬಿಳುಪಿಗೊಂದು, ಸುಕ್ಕಿಗೊಂದು, ಕೂದಲಿಗೊಂದು. ಕೊಳ್ಳುವವರಿದ್ದಲ್ಲಿಗೇ ಔಷಧ ಕಂಪೆನಿಗಳೂ ಬರುತ್ತವೆ.

ಎಫ್ಲಾರ್ನಿಥಿನ್‌ನ ಕತೆ ಕೇಳಿ. ಆಫ್ರಿಕಾದ ನಿದ್ರಾರೋಗದಿಂದ ಸಾಯುತ್ತಿದ್ದವರನ್ನು ಉಳಿಸುತ್ತಿದ್ದ ಔಷಧವದು. ರೋಗಿಗಳು ಬಡವರು, ಲಾಭವಿಲ್ಲವೆಂದು 1990ರ ದಶಕದಲ್ಲಿ ತಯಾರಿಕೆ ನಿಂತಿತು. 2000ದಲ್ಲಿ ಅದೇ ಔಷಧ ಮಹಿಳೆಯರ ಮುಖದ ಕೂದಲು ತಡೆಯುವ ಕ್ರೀಮಾಗಿ ಅಮೆರಿಕದಲ್ಲಿ ಮಂಜೂರಾಯಿತು! ವೈದ್ಯರ ಸಂಘಟನೆಗಳು ದನಿಯೆತ್ತಿದವು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಒಪ್ಪಂದವಾಗಿ, ರೋಗಿಗಳಿಗೂ ಅದು ಮತ್ತೆ ದೊರೆಯಿತು.

ಇದು ದೂರದ ಮಾತೆನ್ನಬೇಡಿ. ತರೀಕೆರೆ ಸೀಮೆಯ ಹೆಬ್ಬೆ ಜಲಪಾತವನ್ನು ನೀವು ನೋಡಿರಬಹುದು. ಅಂಥದೇ ಮಲೆನಾಡಿನ ಕಾಡಿನಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ, 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಚಿಕ್ಕಮಗಳೂರು ಜಿಲ್ಲೆಯನ್ನೂ ಅದು ಬಿಟ್ಟಿಲ್ಲ. ಸೌದೆ, ತರಗೆಲೆ ತರಲು ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ. ಇಂದಿಗೂ ಅದಕ್ಕೆಂದೇ ಔಷಧವಿಲ್ಲ. ಹಳೆಯ ಲಸಿಕೆ ಫಲಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗೆ ಮುಂದಾದದ್ದು ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿ.

ಮುಖದ ಕೂದಲಿನಿಂದ ನೊಂದ ಹೆಣ್ಣನ್ನು ಹೀಗಳೆಯುವುದು ಬೇಡ. ಅವಳ ಸಂಕಟವೂ ನಿಜ. ಆದರೆ ಸೌದೆ ಹೊರುವ ತಾಯಿಯ ಜೀವ ಮಾರುಕಟ್ಟೆಯ ಲೆಕ್ಕಕ್ಕೆ ಸಿಗುವುದಿಲ್ಲ. ಅವಳ ಪರವಾಗಿ ಸರಕಾರವನ್ನು ಕೇಳಬೇಕಾದವರು ನಾವಲ್ಲವೇ?