ತೂಬಿನ ರಭಸ, ಪಾತಿಯ ಪಸೆ

‘ಸೊಸೆಗೆ ಎಂಟು ತಿಂಗಳು. ಮಾಸಿಗೆ ರಕ್ತ ಸಾಲದೆ ಮಗು ಸಣ್ಣಗಿದೆ ಎಂದರು. ಮಾಸಿನೊಳಗೇ ಏನು ಕೆಟ್ಟಿದೆ ಎಂದು ಎಂಆರ್‌ಐನಲ್ಲಿ ಕಾಣುವುದಿಲ್ಲವೇ?’ ಓದುಗರೊಬ್ಬರು ಕೇಳಿದ್ದಾರೆ.

ಸಾಮಾನ್ಯವಾಗಿ ಮಾಡುವ ಡಾಪ್ಲರ್ ಸ್ಕ್ಯಾನ್ ಗಮನಿಸುವುದು ಗರ್ಭಕೋಶದ ಅಪಧಮನಿ, ಹೊಕ್ಕುಳಬಳ್ಳಿಗಳಲ್ಲಿನ ಹರಿವನ್ನು. ಕೆರೆಯ ತೂಬಿನ ಬಳಿ ನಿಂತು ನೀರಿನ ರಭಸ ನೋಡಿದ ಹಾಗೆ. ತೋಟದ ಯಾವ ಪಾತಿ ನೆನೆಯಿತು, ಯಾವುದು ಒಣಗಿತು ಎಂಬುದು ಅಲ್ಲಿಂದ ತಿಳಿಯದು. ದಿನ ತುಂಬುವ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ತಾಯಿಯಿಂದ ಮಾಸಿನತ್ತ ನುಗ್ಗುತ್ತದೆ. ಅದನ್ನು ಒಳಗೆ ಸುರಿಯುವ ಸುರುಳಿ ಅಪಧಮನಿಯೊಂದು ಕಟ್ಟಿಕೊಂಡರೆ ಅದರ ಪಾತಿಯಷ್ಟೇ ಸಾಯುತ್ತದೆ, ಪಕ್ಕದ್ದು ಹಸಿರಾಗಿಯೇ ಇರುತ್ತದೆ.

ಎಂಆರ್‌ಐನಲ್ಲಿ ಹರಿವು ಎದ್ದು ಕಾಣಲು ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದು ಮಗುವಿಗೂ ದಾಟುತ್ತದೆ. ಹಾಗಾಗಿ ಬಸುರಿಯರಿಗೆ ಅದನ್ನು ಆದಷ್ಟೂ ಕೊಡುವುದಿಲ್ಲ. ಆದರೆ ರಕ್ತವೇ ಬಣ್ಣದ ಕೆಲಸ ಮಾಡಿದರೆ?

ಈ ಕತೆ ನನಗೆ ಬಲು ಇಷ್ಟ. 1845ರಲ್ಲಿ ಮೈಕೆಲ್ ಫ್ಯಾರಡೆ ಒಣ ರಕ್ತವನ್ನು ಅಯಸ್ಕಾಂತದ ಮುಂದಿಟ್ಟು ಬೆರಗಾದರು: ಕಬ್ಬಿಣವಿದ್ದೂ ಸೆಳೆತವಿಲ್ಲ! 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಗುಟ್ಟು ಬಿಡಿಸಿದರು. ಆಮ್ಲಜನಕ ಹೊತ್ತ ಹೀಮೊಗ್ಲೋಬಿನ್ ಅಯಸ್ಕಾಂತಕ್ಕೆ ಒಲಿಯದು. ಅದನ್ನು ಇಳಿಸಿ ಬಂದದ್ದು ಒಲಿಯುತ್ತದೆ. 1990ರಲ್ಲಿ ಬೆಲ್ ಪ್ರಯೋಗಾಲಯದ ಸೆಯ್ಜಿ ಒಗಾವಾ ಇಲಿಯ ಮಿದುಳಿನ ಎಂಆರ್‌ಐ ಚಿತ್ರಗಳಲ್ಲಿ ರಕ್ತನಾಳಗಳು ಕಪ್ಪು ಗೆರೆಗಳಾಗಿ ಮೂಡುವುದನ್ನೂ ಆಮ್ಲಜನಕ ಏರಿದಾಗ ಅವು ಅಳಿಸಿಹೋಗುವುದನ್ನೂ ಕಂಡರು.

ಇದೇ ಉಪಾಯ ಮಾಸಿಗೂ ಬಂತು. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ಏಳು ಜೋಡಿ ತದ್ರೂಪಿ ಅವಳಿಗಳ ಬಸುರಿ ತಾಯಂದಿರಿಗೆ ಸ್ವಲ್ಪ ಹೊತ್ತು ಆಮ್ಲಜನಕ ಉಸಿರಾಡಿಸಿ, ಮಾಸಿನ ಚಿತ್ರ ಬೆಳಗುವುದನ್ನು ಕ್ಷಣಕ್ಷಣಕ್ಕೂ ಹಿಡಿದರು. ತದ್ರೂಪಿಗಳೇ ಏಕೆ? ತಾಯಿ ಒಬ್ಬಳೇ, ವಂಶವಾಹಿಯೂ ಒಂದೇ; ಇಬ್ಬರ ಬೆಳವಣಿಗೆ ಬೇರೆಯಾದರೆ ಮಾಸಿನ ಪಾಲನ್ನೇ ಶಂಕಿಸಬಹುದು. ಎಂಥ ಜಾಣ ಆಯ್ಕೆ! ಯಾರ ಪಾಲಿನ ಮಾಸು ನಿಧಾನವಾಗಿ ಬೆಳಗಿತೋ ಆ ಮಗುವಿನ ತೂಕ ಕಡಿಮೆಯಿತ್ತು. ಹೆರಿಗೆಯ ನಂತರ ಪರೀಕ್ಷಿಸಿದಾಗ ನಿಧಾನದ ಮಾಸಿನಲ್ಲಿ ಗಾಯದ ಗುರುತುಗಳೂ ಹೆಚ್ಚಿದ್ದವು.

ಆದರೆ ಏಳೇ ಜೋಡಿ. ಇದು ತೋರಿಸುವುದೂ ಹರಿವನ್ನಲ್ಲ, ಆಮ್ಲಜನಕ ತಲುಪಿದ್ದನ್ನು. ಮಗು ಮಗ್ಗುಲು ಬದಲಿಸಿದರೆ, ಗರ್ಭಕೋಶ ಬಿಗಿದರೆ ಚಿತ್ರ ಕದಲುತ್ತದೆ. ಆಸ್ಪತ್ರೆಗಳಲ್ಲಿ ಇಂದು ಮಾಸಿಗೆಂದು ಎಂಆರ್‌ಐ ಬರೆದುಕೊಡುವುದು ಹೆಚ್ಚಾಗಿ ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರುಬಿಟ್ಟ ಅನುಮಾನವಿದ್ದಾಗ. ನಿಮ್ಮ ಸೊಸೆಯ ವಿಷಯದಲ್ಲಿ ವೈದ್ಯರು ಡಾಪ್ಲರ್‌ಗೆ ಕೊಟ್ಟ ದಿನಾಂಕವನ್ನು ತಪ್ಪಿಸಬೇಡಿ.